ಫ್ಲೆಕ್ಸ್ ತುಂಬ ಅವಳ ಕೈ

ಸಂಜೆ ಆರು ಗಂಟೆ. ಹೆಂಡತಿಯ ಹನ್ನೊಂದನೇ ದಿನದ ತಿಥಿಗೆ ಫ್ಲೆಕ್ಸ್ ಮಾಡಿಸಿಕೊಂಡು ಕನಕಪುರದಿಂದ ಈಗ ಬಂದೆ, ಸ್ನೇಹಿತರೇ. ಇವತ್ತು ಆದದ್ದು ಅದೊಂದೇ ಕೆಲಸ.

ನನ್ನ ಹತ್ತಿರ ಅವಳದು ಒಂದೇ ಒಳ್ಳೆಯ ಫೋಟೊ ಇತ್ತು. ರೇಷ್ಮೆ ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಮೇಲೆ ಒಂದು ಕೈಯಿಟ್ಟು ಜಯಮ್ಮ ನಿಂತಿದ್ದಾಳೆ.

"ಹಿಂದ್ಗಡೆ ಇರೋದೆಲ್ಲ ತೆಗ್ದು ಮೋಡ ಹಾಕ್ಬುಡ್ತೀನಿ ಅಣ್ಣ. ಎಲ್ರೂ ಅದನ್ನೇ ಹಾಕ್ಸೋದು," ಅಂದ ಅಂಗಡಿಯ ಸಿದ್ದರಾಜು.

"ಬ್ಯಾಡ ಕಣಪ್ಪ. ಅವಳು ಮೋಡ್ದಾಗೆ ಯಾವತ್ತಿದ್ಲು? ಚಂದ್ರಿಕೇನೇ ಇರ್ಲಿ," ಅಂದೆ.

ಫ್ಲೆಕ್ಸ್ ದೊಡ್ಡದು, ಫೋಟೊದಲ್ಲಿದ್ದ ಚಂದ್ರಿಕೆ ಸಾಲಲಿಲ್ಲ. ಅದರದೇ ಒಂದು ತುಂಡನ್ನು ಕಾಪಿ ಮಾಡಿ, ಸಂದು ಕಾಣದ ಹಾಗೆ ಪಕ್ಕಪಕ್ಕ ಜೋಡಿಸಿ ಹಿನ್ನೆಲೆ ತುಂಬಿಸಿದ. ನೋಡಿದರೆ, ಆ ತುಂಡಿನ ಜೊತೆ ಜಯಮ್ಮನ ಕೈಯೂ ಬಂದುಬಿಟ್ಟಿತ್ತು. ಹಸಿರು ಬಳೆಯ ಅದೇ ಕೈ ಮೇಲೆ, ಕೆಳಗೆ, ಮೂಲೆ ಮೂಲೆಯಲ್ಲಿ.

ಜೊತೆಗೆ ಬಂದಿದ್ದ ಅವಳ ತಮ್ಮನಿಗೆ ಸಿಟ್ಟು ಬಂತು. "ಏನ್ ಭಾವ ಇದು? ನಮ್ಮಕ್ಕ ಏನ್ ಮಾರಮ್ಮನಾ, ಇಷ್ಟೊಂದು ಕೈ? ಊರೋರು ನಗಾಕಿಲ್ವಾ?"

ಸಿದ್ದರಾಜು ಒಂದು ಕೈ ಅಳಿಸಿದ. ಎರಡನೆಯದಕ್ಕೆ ಬಂದಾಗ ನನಗೆ ತಡೆಯಲಾಗಲಿಲ್ಲ.

"ಬುಡಪ್ಪ, ಇರ್ಲಿ. ಮನೇಲೂ ಹಂಗೇ ಇತ್ತು. ಎಲ್ಲಿ ನೋಡುದ್ರೂ ಅವಳ ಕೈಯೇ."

ಭಾವಮೈದ ಎದ್ದು ಹೊರಗೆ ಹೋಗಿ ನಿಂತ. ಹಾಗೇ ಪ್ರಿಂಟ್ ಮಾಡಿಸಿದೆ. ನಗುವವರು ನಗಲಿ.

ನಾಳೆ ತಿಥಿ. ಅವಳು ಸಾಕಿದ್ದ ಹುಳಗಳೂ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗಿವೆ, ನಾಳೆಯೇ ಚಂದ್ರಿಕೆಗೆ ಬಿಡಬೇಕು. ಇರುವುದು ನನ್ನ ಎರಡು ಕೈ.