ಹಸಿರು ನೀರಿನ ಸೀಸೆ

ಇವತ್ತು ಬೆಳಿಗ್ಗೆ ಮನೆಯ ನೀರಿನ ತೊಟ್ಟಿ ಉಜ್ಜುವಾಗ ಪಾಚಿಯ ವಾಸನೆ ಮೂಗಿಗೆ ಬಡಿಯಿತು. ನಿಮಗೆ ಅದು ಹಿಡಿಸಲಿಕ್ಕಿಲ್ಲ. ನನಗೆ ಮಾತ್ರ ಅದು ಡಿಗ್ರಿಯ ವಾಸನೆ.

ಅರವತ್ತರ ದಶಕದಲ್ಲಿ ನಾನು ಭದ್ರಾವತಿಯಿಂದ ಶಿವಮೊಗ್ಗದ ಕಾಲೇಜಿಗೆ ದಿನಾ ರೈಲಿನಲ್ಲಿ ಹೋಗುತ್ತಿದ್ದೆ. ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ ಎರಡನ್ನೂ ಒಬ್ಬರೇ ಮೇಷ್ಟ್ರು ಹೇಳಿಕೊಡುತ್ತಿದ್ದರು. ಅದಕ್ಕೇ ಇರಬೇಕು, ಪ್ರಾಕ್ಟಿಕಲ್ ಪರೀಕ್ಷೆಗೆ ಒಂದು ಪ್ರಾಣಿಯನ್ನೂ ಒಂದು ಸಸ್ಯವನ್ನೂ ಹೋಲಿಸಿ ಎಂದರು. ಗೆಳತಿಯರಿಗೆ ಕಪ್ಪೆ-ತಾವರೆ, ಹಾವು-ಬಿದಿರು ಬಂದವು. ನನ್ನ ಪಾಲಿಗೆ ಯಾವುದೋ ದೂರದ ದ್ವೀಪದಲ್ಲಿ ಅಳಿದುಹೋಗುತ್ತಿದ್ದ ಮಿಂಚುಳ್ಳಿ ಮತ್ತು ಮೈಯೆಲ್ಲ ಸೇರಿ ಒಂದೇ ಕೋಶವಿರುವ, ನೀರಿನಲ್ಲಿ ಈಜುವ ಪಾಚಿ. ಹಕ್ಕಿಗೆ ಪುಸ್ತಕದ ಚಿತ್ರ ಸಾಕಿತ್ತು. ಪಾಚಿಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಲೇಬೇಕು, ಇಲ್ಲದಿದ್ದರೆ ಫೇಲು. ಫೇಲಾದರೆ ಓದು ಅಲ್ಲಿಗೆ ಮುಗಿಯಿತೆಂದು ಅಪ್ಪ ಆಗಲೇ ಹೇಳಿಯಾಗಿತ್ತು.

ಕಾಲುವೆಯ ಹಸಿರು ನೀರನ್ನು ಸೀಸೆಯಲ್ಲಿ ತುಂಬಿಕೊಂಡು ರೈಲು ಹತ್ತಿದೆ.

"ಏನಮ್ಮಾ, ಕಷಾಯವಾ? ಯಾರಿಗೆ ಹುಷಾರಿಲ್ಲ?" ಎಂದಳು ಎದುರು ಕೂತಿದ್ದ ಅಜ್ಜಿ.

"ನನಗೇ ಅಜ್ಜಿ," ಎಂದೆ.

ಮೂರು ವಾರ ಅದನ್ನು ಲ್ಯಾಬಿನ ಕಿಟಕಿಯಲ್ಲಿಟ್ಟು ಮಗುವಿನಂತೆ ಸಾಕಿದೆ. ಪರೀಕ್ಷೆಯ ದಿನ ನೋಡಿದರೆ ಸೀಸೆ ಫಳಫಳ ಹೊಳೆಯುತ್ತಿದೆ, ಒಳಗೆ ಏನೂ ಇಲ್ಲ. ಲ್ಯಾಬು ಗುಡಿಸುವ ಚೌಡಮ್ಮ, ಮೈಸೂರಿನಿಂದ ದೊಡ್ಡವರು ಬರುತ್ತಾರೆಂದು, ಬೂದಿ ಹಾಕಿ ತಿಕ್ಕಿಟ್ಟಿದ್ದಳು.

"ಚೌಡಮ್ಮಾ, ಅದು ನನ್ನ ಪರೀಕ್ಷೆ," ಎನ್ನುವಷ್ಟರಲ್ಲಿ ಅಳು ಬಂತು.

"ಪಾಚಿಗೆ ಯಾರಾದ್ರೂ ಅಳ್ತಾರಾ ಮಾರಾಯ್ತಿ? ಹುಟ್ಟಿದಾಗಿಂದ ಬಚ್ಚಲು ತಿಕ್ತಿದೀನಿ. ಇವತ್ತು ತಿಕ್ಕಿದ್ರೆ ನಾಡಿದ್ದು ಮತ್ತೆ ಹಾಜರ್. ಒಂದು ಹನಿ ಉಳಿದ್ರೆ ಸಾಕು ಅದಕ್ಕೆ. ಬಾ, ಚೆಲ್ಲಿದ ಜಾಗ ತೋರಿಸ್ತೀನಿ."

ಹಿತ್ತಲ ಒಗೆಯುವ ಕಲ್ಲಿನ ಗುಳಿಯಲ್ಲಿ ಚಮಚದಷ್ಟು ನೀರು ನಿಂತಿತ್ತು. ಅವಳೇ ಸೆರಗಿನ ತುದಿ ಅದ್ದಿ, ನನ್ನ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಹಿಂಡಿದಳು.

ಪರೀಕ್ಷಕರು ಕಣ್ಣಿಟ್ಟು ನೋಡಿದರು. ಪಾಚಿ ಏನೂ ಆಗಿಲ್ಲವೆಂಬಂತೆ ಈಜಾಡುತ್ತಿತ್ತು. "ಸರಿ, ಹೋಲಿಸಮ್ಮ," ಎಂದರು. ಬಾಯಿಪಾಠ ಮಾಡಿದ್ದೆಲ್ಲ ಎಲ್ಲಿ ಹೋಯಿತೋ ಕಾಣೆ.

"ಸಾರ್, ಇದನ್ನ ಬೂದಿ ಹಾಕಿ ತಿಕ್ಕಿದ್ರೂ ಒಂದು ಹನಿ ಉಳಿದ್ರೆ ಸಾಕು, ನಾಡಿದ್ದು ಹಾಜರ್. ಆ ಹಕ್ಕಿ ಒಂದೇ ಉಳಿದ್ರೆ ಜೋಡಿ ಎಲ್ಲಿಂದ ತರೋದು?"

ಅವರು ಕನ್ನಡಕ ತೆಗೆದರು. "ಇದು ಯಾವ ಪುಸ್ತಕದಲ್ಲಿದೆ?"

"ನಾನೇ ಯೋಚಿಸಿದ್ದು ಸಾರ್," ಎಂದುಬಿಟ್ಟೆ. ಬಾಗಿಲಲ್ಲೇ ನಿಂತಿದ್ದ ಚೌಡಮ್ಮನಿಗೆ ಅದು ಕೇಳಿಸಿತ್ತು. ಹೊರಗೆ ಬಂದಾಗ, "ಪಾಸಾ?" ಎಂದಷ್ಟೇ ಕೇಳಿದಳು.

ಪಾಸಾದೆ, ಪಾಠ ಹೇಳುವ ಮೇಡಂ ಕೂಡ ಆದೆ. ಭದ್ರಾವತಿಯ ಮಕ್ಕಳಿಗೆ ಆ ಉತ್ತರವನ್ನು ವರ್ಷ ವರ್ಷವೂ ನನ್ನದೆಂದೇ ಒಪ್ಪಿಸಿ, ಅವರು ಬೆರಗಾಗುವುದನ್ನು ನೋಡಿ ಹಿಗ್ಗಿದೆ.

ಇವತ್ತು ಸಂಜೆ ಪಕ್ಕದ ಮನೆಯ ಕಾಲೇಜು ಹುಡುಗಿ ಪಾಠ ಹೇಳಿಸಿಕೊಳ್ಳಲು ಬರುತ್ತಾಳೆ. ಮೊದಲು ಚೌಡಮ್ಮನ ಹೆಸರು ಬರೆದುಕೋ ಎನ್ನುತ್ತೇನೆ, ಪಾಠ ಆಮೇಲೆ.