ಮೊದಲು ಓದುತ್ತಿದ್ದ ಮೇಡಂ

ಸಿಂಧನೂರಿನ ನಮ್ಮ ಇಂಟರ್‌ನೆಟ್ ಆಫೀಸಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ಮೇಡಂ, ಏನೇ ಕೆಟ್ಟರೂ ಮೊದಲು ಕೈಕಟ್ಟಿ ನಿಲ್ಲುತ್ತಿದ್ದರು. "ಮುಟ್ಟಬ್ಯಾಡ, ಮೊದ್ಲ ಓದು" ಅನ್ನುವುದು ಅವರ ಕೈಕೆಳಗೆ ಕೆಲಸ ಕಲಿಯುತ್ತಿದ್ದ ನನಗೆ ಅವರು ಹೇಳುತ್ತಿದ್ದ ಮಾತು.

ಒಂದು ಬೆಳಿಗ್ಗೆ ಲಿಂಗಸುಗೂರಿನ ಲೈನ್ ಹೋಯಿತು. ಅಲ್ಲಿನ ಕಾಲೇಜಿನಲ್ಲಿ ಮಧ್ಯಾಹ್ನ ಆನ್‌ಲೈನ್ ಪರೀಕ್ಷೆಯಿತ್ತು. ಕೇಬಲ್ ಎಲ್ಲಿ ಕಡಿದಿದೆ ಎಂದು ತೋರಿಸಬೇಕಾದ ಸಾಫ್ಟ್‌ವೇರೇ ತೆರೆಯಲಿಲ್ಲ. ಲೈನುಗಳ ಮಾಹಿತಿಯಿರುವ ಡೇಟಾಬೇಸ್ ಸಿಗುತ್ತಿಲ್ಲ ಎನ್ನುತ್ತಿತ್ತು.

"ಎಲ್ಲಾ ಅಳಿಸಿ ಹೊಸದಾಗಿ ಹಾಕ್ರಿ!" ಮಾಲೀಕರು ಕೂಗಿದರು.

"ಅಳಿಸಿದ್ರ ಲೈನಿನ ನಕ್ಷೆನೂ ಹೋಗ್ತದ್ರಿ" ಎಂದು ಮೇಡಂ ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಓದಿದರು. "ಡೇಟಾಬೇಸ್ ನಡ್ದದ. ಪಾಸ್‌ವರ್ಡ್ ಒಪ್ಪವಲ್ದು."

ಹಿಂದಿನ ದಿನ ಆ ಪಾಸ್‌ವರ್ಡ್ ಬದಲಿಸಿದವನು ನಾನೇ. ಡೇಟಾಬೇಸಿನಲ್ಲಿ ಬದಲಿಸಿ, ಸಾಫ್ಟ್‌ವೇರಿನಲ್ಲೂ ಅದನ್ನೇ ಹಾಕಲು ಮರೆತಿದ್ದೆ. ಬಗ್ಗಿ ಅವರ ಕಿವಿಯಲ್ಲಿ ಹೊಸದನ್ನು ಹೇಳಿದೆ. ಅವರು ಒಮ್ಮೆ ನನ್ನನ್ನು ನೋಡಿ ಟೈಪ್ ಮಾಡಿದರು. ನಕ್ಷೆ ತೆರೆಯಿತು. ಮಸ್ಕಿವರೆಗೂ ಹಸಿರು, ಮಸ್ಕಿ ದಾಟಿದ ಕೂಡಲೇ ಕೆಂಪು. ಮಸ್ಕಿಯಲ್ಲಿದ್ದ ನಮ್ಮವರು ಅಲ್ಲಿಗೇ ಬೈಕ್ ಓಡಿಸಿ, ಕಡಿದ ಕೇಬಲ್ ಜೋಡಿಸಿದರು. ಪರೀಕ್ಷೆಗೆ ಹತ್ತು ನಿಮಿಷ ಇರುವಾಗ ಲೈನ್ ಬಂತು.

"ಬೆಳಿಗ್ಗಿ ಸಾಫ್ಟ್‌ವೇರ್ ತೆರೀಲಿಲ್ಲಲ್ಲ, ಯಾರ ತಪ್ಪಿದು?" ಮಾಲೀಕರು ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ, "ಪಾಸ್‌ವರ್ಡ್ ಬದಲಾಗಿತ್ರಿ, ಸರಿ ಮಾಡೀವಿ" ಎಂದು ಮೇಡಂ ಎದ್ದು, ತಮ್ಮ ಕುರ್ಚಿಯನ್ನು ನನ್ನ ಕಡೆ ತಳ್ಳಿದರು.

"ಕೂಡು. ಸಂಜೀ ತನಕ ನೆಟ್‌ವರ್ಕ್ ನೀನ ನೋಡ್ಕೋ."