ಪೈಪಿನ ಹೊದಿಕೆ ಬಿಚ್ಚಿಸಿದ ಮಲ್ಲಪ್ಪಣ್ಣ

ಮೂರು ವರ್ಷದ ಹಿಂದಿನ ಮಾತು. ದಸರಾ ಮುಗಿದ ವಾರ. ದಹಿಸರ್‌ನಲ್ಲಿ ನಾವು ಹೊಸದಾಗಿ ಬಾಡಿಗೆಗೆ ಹಿಡಿದ ಗಾಲಾದಲ್ಲಿ (ಸಣ್ಣ ಕಾರ್ಖಾನೆ ನಡೆಸುವ ಕೋಣೆಗೆ ಮುಂಬಯಿಯಲ್ಲಿ ಹಾಗೆನ್ನುತ್ತಾರೆ) ಉಗಿ ಇಸ್ತ್ರಿ ಶುರುಮಾಡುವ ತಯಾರಿ ನಡೆದಿತ್ತು. ವಿಜಯಪುರ ಕಡೆಯಿಂದ ಬಂದ ನಾನು ಮತ್ತು ನನ್ನ ಯಜಮಾನರು ಒಂದು ಬಿಲ್ಡಿಂಗಿನ ಮೆಟ್ಟಿಲ ಕೆಳಗೆ ಇದ್ದಿಲ ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡು ಬದುಕು ಶುರುಮಾಡಿದವರು. ಈಗ ಒಂದು ಹೋಟೆಲಿನ ಚಾದರಗಳ ಕೆಲಸ ಸಿಕ್ಕಿತ್ತು. ಸೋಮವಾರ ಬೆಳಿಗ್ಗೆ ಮೊದಲ ಗಂಟು ಬರುವುದಿತ್ತು.

ಬಾಯ್ಲರನ್ನು ಹೊಸದೇ ತಂದೆ. ಅದರಲ್ಲಿ ಚೌಕಾಸಿ ಮಾಡಲು ನನಗೂ ಧೈರ್ಯವಾಗಲಿಲ್ಲ. ಅದರಿಂದ ಇಸ್ತ್ರಿ ಮೇಜಿನವರೆಗೆ ಉಗಿ ಒಯ್ಯುವ ಪೈಪಿನಲ್ಲಿ ಚೌಕಾಸಿ ಮಾಡಿದೆ. ಫಿಟ್ಟರ್ ಕೊಟ್ಟ ಖರ್ಚಿನ ಚೀಟಿಯಲ್ಲಿ ಪೈಪು, ವಾಲ್ವು ಎಲ್ಲ ಓದಿಕೊಂಡು ಹೋದವಳು ‘ಲ್ಯಾಗಿಂಗ್’ ಎಂಬಲ್ಲಿ ನಿಂತೆ. ಅರ್ಥವಾಗದ ಪದಕ್ಕೆ ದುಡ್ಡು ಕೊಡುವವಳಲ್ಲ ನಾನು. ಕೇಳಿದೆ.

“ಭಾಭೀ, ಪೈಪ್ ಕೋ ಸ್ವೆಟರ್ ಪೆಹನಾನಾ ಹೈ, ಔರ್ ಕ್ಯಾ!” ಎಂದ.

ಅಂದರೆ, ಪೈಪಿಗೆ ಸ್ವೆಟರ್ ತೊಡಿಸುವುದು; ಅದರ ಸುತ್ತ ಗಾಜಿನ ಹತ್ತಿ (ಗ್ಲಾಸ್ ವೂಲ್) ಸುತ್ತಿ, ಮೇಲೆ ಅಲ್ಯೂಮಿನಿಯಂ ತಗಡು ಹೊದಿಸುವುದು. ಬಿಸಿ ಹೊರಗೆ ಹೋಗುವುದಿಲ್ಲ, ದಾರಿಯಲ್ಲೇ ಉಗಿ ನೀರಾಗುವುದಿಲ್ಲ, ತಾಗಿದರೆ ಕೈ ಸುಡುವುದಿಲ್ಲ. ಒಳ್ಳೆಯದೇ. ಆದರೆ ಅವನು ಹೇಳಿದ ರೇಟು ಕೇಳಿ, ಸ್ವೆಟರ್ ಏನು ಕಾಶ್ಮೀರದಿಂದ ಬರುತ್ತದೆಯೇ ಎಂದೆ.

ಎರಡು ದಿನ ಗುಜರಿ ಅಂಗಡಿಗಳನ್ನು ಸುತ್ತಿದೆ. ಒಂದು ಕಡೆ, ಮುಚ್ಚಿಹೋದ ಬಣ್ಣದ ಕಾರ್ಖಾನೆಯ ಪೈಪುಗಳು ಅಂಗಳದಲ್ಲಿ ಬಿದ್ದಿದ್ದವು. ಲ್ಯಾಗಿಂಗ್ ಮಾಡಿದ್ದು ಮಾಡಿದ ಹಾಗೇ ಇತ್ತು, ತಗಡು ಫಳಫಳ ಹೊಳೆಯುತ್ತಿತ್ತು. ಬರೀ ಪೈಪಿನ ಬೆಲೆಗಿಂತ ಕಡಿಮೆಗೆ ಹೊದಿಕೆ ಸಮೇತ ಎತ್ತಿಕೊಂಡು ಬಂದೆ. ಟೆಂಪೋದಲ್ಲಿ ಡ್ರೈವರ್ ಪಕ್ಕ ರಾಣಿಯ ಹಾಗೆ ಕೂತಿದ್ದೆ.

ಫಿಟ್ಟರ್ ಮೂಗು ಮುರಿದ. ಆದರೂ ಜೋಡಿಸಿದ. ನೀರು ಬಿಟ್ಟು ನೋಡಿದ, ಹನಿಯೂ ಸೋರಲಿಲ್ಲ. ಪೈಪು ಬಾಯ್ಲರಿನಿಂದ ಗೋಡೆ ಹಿಡಿದು ಬಂದು ಯಜಮಾನರು ನಿಲ್ಲುವ ಮೇಜಿನ ಮೇಲೆ, ಅವರ ತಲೆಗಿಂತ ಒಂದು ಗೇಣು ಎತ್ತರದಲ್ಲಿ ಹಾದುಹೋಗುತ್ತಿತ್ತು. ಜೋಡಿಸಿದ ಕಡೆಗಳಲ್ಲಿ ಮಾತ್ರ ಹೊದಿಕೆ ಇರಲಿಲ್ಲ. ಅಷ್ಟನ್ನು ಮುಚ್ಚಲು ಮಲ್ಲಪ್ಪಣ್ಣನನ್ನು ಕರೆದೆ. ಸಿಂದಗಿ ಕಡೆಯವನು. ವಿಕ್ರೋಳಿಯ ಕಾರ್ಖಾನೆಗಳಲ್ಲಿ ಇಪ್ಪತ್ತು ವರ್ಷದಿಂದ ಲ್ಯಾಗಿಂಗನ್ನೇ ಮಾಡುತ್ತಿದ್ದವನು. ಭಾನುವಾರ ರಜೆ ಇದೆ ಎಂದು ಬಂದ.

ಬಂದವನೇ ಹೊಳೆಯುವ ತಗಡನ್ನು ನೋಡಲಿಲ್ಲ. ಬಾಯ್ಲರಿನ ಹತ್ತಿರ ಬಗ್ಗಿ, ತಗಡಿನ ಅಡಿಯ ಅಂಚಿಗುಂಟ ಬೆರಳು ಎಳೆದ. ಬೆರಳ ತುದಿಗೆ ಕಂದು ತುಕ್ಕು ಹತ್ತಿತು.

“ಅಕ್ಕಾರ, ಇದನ್ನ ಪೂರಾ ಬಿಚ್ಚಬೇಕ್ರಿ.”

ನನಗೆ ಇಂಥ ಮಾತು ಹೊಸದಲ್ಲ. ಸಣ್ಣ ಕೆಲಸಕ್ಕೆ ಬಂದವರು ದೊಡ್ಡದು ಮಾಡಿಯೇ ಹೋಗುವುದು. “ಯಾಕಪ್ಪಾ? ಸಂದಿ ಮುಚ್ಚಾಕ ಕರದ್ರ ಮನೀನ ಕೆಡವು ಅಂತೀ?” ಎಂದೆ.

“ಒಳಗ ಹೆಂಗೈತಿ ಅಂತ ನೋಡ್ಬೇಕ್ರಿ.”

“ನೀರು ಬಿಟ್ಟು ನೋಡ್ಯಾರ. ಒಂದು ಹನಿ ಸೋರಿಲ್ಲ.”

“ನೀರು ತಣ್ಣಗ ಹೋಗತೈತ್ರಿ. ಉಗಿ ಹಂಗಲ್ಲ, ಸಿಟ್ಟಿಲೆ ಹೋಗತೈತಿ.”

“ಬಿಚ್ಚಾಕ ಎಷ್ಟು ತಗೋತಿ, ಅದನ್ನ ಹೇಳು ಮೊದಲ.”

“ಬಿಚ್ಚೂದಕ್ಕ ರೊಕ್ಕ ಬ್ಯಾಡ್ರಿ. ಆದ್ರ ಬಿಚ್ಚಲಾರದ ನಾ ಕೈ ಹಚ್ಚಂಗಿಲ್ಲ. ಬೇಕಾದ್ರ ಬ್ಯಾರೇವ್ರನ್ನ ಕರೀರಿ.”

ಇದು ನನ್ನನ್ನು ಇನ್ನಷ್ಟು ಕೆರಳಿಸಿತು. ಪುಕ್ಕಟೆ ಎಂದವರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಈಗ ಬಿಚ್ಚಿ, ಆಮೇಲೆ ಪೂರ್ತಿ ಹೊಸ ಹೊದಿಕೆಯ ಬಿಲ್ಲು ಹಚ್ಚುತ್ತಾನೆ ಎಂದುಕೊಂಡೆ. ಸಂದಿಯ ಕೂಲಿಯನ್ನು ಒಂದೂವರೆ ಪಟ್ಟು ಮಾಡುತ್ತೇನೆ ಎಂದೆ. ಚಹಾ ತರಿಸಿದೆ. ನಮ್ಮ ಕಡೆಯವನಾಗಿ ಹೀಗೆ ಮಾಡಬಹುದೇ ಎಂದೂ ಕೇಳಿದೆ. ಅವನು ಚಹಾ ಕುಡಿದ, ಜಗ್ಗಲಿಲ್ಲ.

ಮೇಜಿಗೆ ಬಟ್ಟೆ ಹಾಸುತ್ತಿದ್ದ ಯಜಮಾನರು ಕೊನೆಗೆ ಬಾಯಿಬಿಟ್ಟರು. “ಏ ಕಸ್ತೂರಿ, ಅದರ ಕೆಳಗ ನಿಲ್ಲಾಂವ ನಾನಽ, ನೀ ಅಲ್ಲ. ನೋಡ್ಲಿ ಬಿಡ.”

ಸ್ಟೂಲ್ ತಂದು ಕೊಟ್ಟೆ.

ಮಲ್ಲಪ್ಪಣ್ಣ ಸ್ಟೂಲ್ ಹತ್ತಿ ಮೇಜಿನ ಮೇಲಿನ ಭಾಗದಿಂದಲೇ ಶುರುಮಾಡಿದ. ತಗಡು ಬಿಚ್ಚುತ್ತಿದ್ದಂತೆ ಒದ್ದೆ ಗೋಣಿಚೀಲದ ವಾಸನೆ ಬಂತು. ಹಳದಿ ಇರಬೇಕಾದ ಹತ್ತಿ ಕಪ್ಪಗೆ, ಹಿಂಡಿದರೆ ನೀರು ಬರುವಷ್ಟು ನೆನೆದಿತ್ತು. ಅದರ ಕೆಳಗೆ ಪೈಪು ತುಕ್ಕು ಹಿಡಿದು ಹಪ್ಪಳದ ಹಾಗೆ ಪದರು ಪದರಾಗಿ ಎದ್ದಿತ್ತು. ತಂತಿ ಬ್ರಷ್‌ನಿಂದ ಉಜ್ಜಿದ. ಸಣ್ಣ ಸುತ್ತಿಗೆ ತೆಗೆದುಕೊಂಡು ಮೆಲ್ಲಗೆ ತಟ್ಟಿದ. ಒಂದು ಸಲ ಟಣ್ ಎಂದಿತು. ಇನ್ನೊಂದು ಸಲ ಟಪ್ ಎಂದಿತು. ಮೂರನೆಯ ಏಟಿಗೆ ಸದ್ದೇ ಬರಲಿಲ್ಲ. ಸುತ್ತಿಗೆಯ ಮೂತಿ ಒಳಗೆ ಹೋಗಿತ್ತು.

ಯಜಮಾನರು ತಲೆ ಎತ್ತಿ ಆ ತೂತು ನೋಡಿದರು. ಆಮೇಲೆ ತಾವು ನಿಂತ ಜಾಗ ನೋಡಿಕೊಂಡರು. ಮಾರನೆಯ ದಿನ ಎಂಟು ಗಂಟೆಗೆ ಅಲ್ಲೇ ನಿಂತು, ಮುಖ ತಗ್ಗಿಸಿ ಚಾದರ ತೀಡಬೇಕಿದ್ದವರು. ನಾನು ಚಾದರದ ಬುಟ್ಟಿಯ ಮೇಲೆ ಕೂತುಬಿಟ್ಟೆ. ಅಳು ಬಂತು. ಅಳುತ್ತಲೇ, ಆಗಲಿಲ್ಲವಲ್ಲ, ಏನೂ ಆಗಲಿಲ್ಲವಲ್ಲ ಎಂದು ಬಾಯಿಗೆ ಬಂದದ್ದನ್ನೇ ಹೇಳುತ್ತಿದ್ದೆ.

“ಗುಜರಿ ಅಂಗಳದಾಗ ಮಳಿಗಾಲ ಪೂರಾ ಬಿದ್ದೈತ್ರಿ ಇದು,” ಎಂದ ಮಲ್ಲಪ್ಪಣ್ಣ. “ತಗಡಿನ ಸಂದ್ಯಾಗ ನೀರು ಹೊಕ್ಕರ ಹೊರಗ ಬರಾಕ ದಾರಿ ಇಲ್ಲ. ಹತ್ತಿ ಕುಡಕೋತ ಕುಂದರತೈತಿ, ಪೈಪು ಹೊರಗಿಂದ ಕೊಳೀತೈತಿ. ಮ್ಯಾಲ ನೋಡಿದ್ರ ಮದುಮಗ!”

ಯಜಮಾನರು ನಕ್ಕುಬಿಟ್ಟರು. ನನಗೂ ಉಸಿರು ಬಂತು.

ಹೋಟೆಲಿನ ಮ್ಯಾನೇಜರ್‌ಗೆ ಫೋನ್ ಮಾಡಿ ಮೂರು ದಿನದ ಸಮಯ ಬೇಡಿಕೊಂಡೆ. ಬೈದ, ಕೊಟ್ಟ. ಹೊಸ ಪೈಪು ಬಂತು. ಮಲ್ಲಪ್ಪಣ್ಣ ಕೆಲಸ ಬಿಟ್ಟಮೇಲೆ ದಿನಾ ಸಂಜೆ ಬಂದು ಒಣ ಹತ್ತಿ ಸುತ್ತಿ, ತಂತಿ ಬಿಗಿದು, ನೀರು ಇಳಿದುಹೋಗುವ ಹಾಗೆ ತಗಡಿನ ಅಂಚನ್ನು ಕೆಳಮುಖವಾಗಿ ಮಡಿಸಿದ. ಉಗಿ ಬಿಟ್ಟ ದಿನ ಹೊದಿಕೆಯ ಮೇಲೆ ಅಂಗೈ ಇಟ್ಟು ನೋಡಿದೆ. ಬಿಸಿಲಿಗಿಟ್ಟ ಸ್ಟೀಲ್ ಡಬ್ಬಿಯಷ್ಟೇ ಬೆಚ್ಚಗಿತ್ತು.

ಹಳೆಯ ಸಾಮಾನು ಕೊಳ್ಳುವ ಅಕ್ಕ ತಂಗಿಯರಿಗೆ, ಅಣ್ಣ ತಮ್ಮಂದಿರಿಗೆ ಒಂದು ಮಾತು ಹೇಳುತ್ತೇನೆ. ಚೌಕಾಸಿ ಮಾಡಿ, ಬೇಡ ಎನ್ನುವುದಿಲ್ಲ. ನಾನೂ ಬಿಟ್ಟಿಲ್ಲ. ಆದರೆ ಲ್ಯಾಗಿಂಗ್ ಇದ್ದ ಪೈಪಾಗಲಿ, ಗೀಜರ್ ಆಗಲಿ, ಅಂಗೈ ಅಗಲದಷ್ಟು ಹೊದಿಕೆ ಬಿಚ್ಚಿಸಿ ಒಳಗೆ ನೋಡಿ ಆಮೇಲೆ ರೇಟು ಮಾತಾಡಿ. ಬಿಚ್ಚಲು ಬಿಡದ ಅಂಗಡಿಯವನಿಗೆ ಕೈಮುಗಿದು ಬನ್ನಿ.

ನನ್ನ ಮಾತಿಗೆ ಬಗ್ಗದ ಮನುಷ್ಯ ಮುಂಬಯಿಯಲ್ಲಿ ಕಡಿಮೆ ಎಂದು ನನಗೆ ಜಂಬವಿತ್ತು. ಆ ಭಾನುವಾರ ಮಲ್ಲಪ್ಪಣ್ಣ ಬಗ್ಗಿದ್ದರೆ ಎಂದು ನೆನೆದಾಗಲೆಲ್ಲ ಈಗಲೂ ತಲೆ ಎತ್ತಿ ಆ ಪೈಪನ್ನೊಮ್ಮೆ ನೋಡುತ್ತೇನೆ. ಇದನ್ನು ಗಾಲಾದಲ್ಲೇ ಕೂತು ಬರೆಯುತ್ತಿದ್ದೇನೆ. ಯಜಮಾನರು ಅದೇ ಮೇಜಿನ ಹತ್ತಿರ ನಿಂತು, “ಬರಿಯೂದು ಸಾಕ ಮಾಡ, ಚಾದರ ಯಾರ ಮಡಚವ್ರು?” ಎಂದು ಆಗಿನಿಂದ ಗೊಣಗುತ್ತಿದ್ದಾರೆ. ಗೊಣಗಲಿ.